ಮೊಣಕಾಲು ನೋವು ಅಂತ ಬಂದ ಹುಡುಗ, ಜಾರಿದ್ದು ಸೊಂಟದ ಕೀಲು: ನನ್ನ ಅನುಭವ

ನಾನು ಗಂಗಾವತಿ ಕಡೆ ಮೂಳೆ ಡಾಕ್ಟರ್. 12-13 ವರ್ಷದ, ಮೈಕೈ ತುಂಬಿಕೊಂಡ ಹುಡುಗ ಕುಂಟುತ್ತಾ ಒಳಗೆ ಬಂದು, ಪಾದ ಹೊರಕ್ಕೆ ತಿರುಗಿದ್ದು, "ಮೊಣಕಾಲು ನೋವು" ಅಂದರೆ ನಾನು ಮೊಣಕಾಲು ಮುಟ್ಟುವ ಮೊದಲೇ ಸೊಂಟದ ಕೀಲು ನೋಡುತ್ತೇನೆ. ಮನೆಯವರಿಗೆ ಇದು ವಿಚಿತ್ರ ಅನ್ನಿಸುತ್ತದೆ. "ನೋವು ಮಣಕಾಲಾಗ ಐತ್ರಿ, ನೀವು ಟೊಂಕದ ಫೋಟೋ ತೆಗಸ್ರಿ ಅಂತೀರಲ್ರಿ ಸರ್" ಅಂತ ಒಬ್ಬ ತಂದೆ ಜಗಳಕ್ಕೇ ನಿಂತಿದ್ದರು. ಅವರ ಸಿಟ್ಟೂ ಸುಮ್ನೆ ಬಂದದ್ದಲ್ಲ. ಅಷ್ಟೊತ್ತಿಗೆ ಬೇರೆ ಕಡೆ ಮೊಣಕಾಲಿನ ಎಕ್ಸ್‌ರೇ ಆಗಿತ್ತು, ಮುಲಾಮು ಆಗಿತ್ತು, ಎಣ್ಣೆ ತಿಕ್ಕಿಸಿದ್ದೂ ಆಗಿತ್ತು.

ಸೊಂಟದ ಕೀಲಿಗೂ ಮೊಣಕಾಲಿಗೂ ಹೋಗುವ ನರಗಳಲ್ಲಿ ಕೆಲವು ಒಂದೇ. ಹಾಗಾಗಿ ಕೆಟ್ಟಿರುವುದು ಮೇಲೆ, ನೋವು ಕಾಣಿಸುವುದು ಕೆಳಗೆ. ಬೆಳೆಯುವ ಮಕ್ಕಳ ತೊಡೆಮೂಳೆಯ ಗುಂಡು ತಲೆಗೂ ಅದರ ಕತ್ತಿಗೂ ನಡುವೆ ಮೆತ್ತಗಿನ ಗ್ರೋತ್ ಪ್ಲೇಟ್, ಅಂದರೆ ಮೂಳೆ ಬೆಳೆಯುವ ಪದರ ಇರುತ್ತದೆ. ಎತ್ತರ ಬೇಗ ಬೇಗ ಏರುವ ವಯಸ್ಸಲ್ಲಿ ಅದು ಬಲ ಕಳೆದುಕೊಂಡಿರುತ್ತದೆ, ಮೇಲಿಂದ ತೂಕವೂ ಜಾಸ್ತಿಯಾದರೆ ಸಿಂಬಿಯಿಂದ ಬಿಂದಿಗೆ ವಾಲಿದ ಹಾಗೆ ತಲೆ ಹಿಂದಕ್ಕೆ ಜಾರುತ್ತದೆ. ಇದಕ್ಕೆ ನಾವು ಎಸ್‌ಸಿಎಫ್‌ಇ (ಸ್ಲಿಪ್ಡ್ ಕ್ಯಾಪಿಟಲ್ ಫೆಮರಲ್ ಎಪಿಫಿಸಿಸ್) ಅಂತೀವಿ. ಹುಡುಗರಲ್ಲಿ ಜಾಸ್ತಿ. ಹುಡುಗಿಯರಲ್ಲಿ ಒಂದು ವರ್ಷ ಮುಂಚೆಯೇ ಬರಬಹುದು.

ಆ ತಂದೆಯ ಮಗನನ್ನು ಮಲಗಿಸಿ ತೊಡೆಯನ್ನು ಮೆಲ್ಲಗೆ ಹೊಟ್ಟೆ ಕಡೆ ಮಡಚಿದೆ. ನೆಟ್ಟಗೆ ಬರಲಿಲ್ಲ, ಕಾಲು ತಾನಾಗಿಯೇ ಹೊರಕ್ಕೆ ತಿರುಗಿತು. ಒಳಕ್ಕೆ ತಿರುಗಿಸಲು ಹೋದರೆ ಮುಖ ಹಿಂಡಿದ. ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ನಮ್ಮ ಕಡೆ ಈ ವಯಸ್ಸಲ್ಲಿ ಕುಂಟಿದರೆ ಕೀಲಿನ ಟಿಬಿಯೂ ತಲೆಯಲ್ಲಿ ಇರಲೇಬೇಕು. ಆದರೆ ಇವನಿಗೆ ಜ್ವರ ಇಲ್ಲ, ತೂಕ ಇಳಿದಿಲ್ಲ.

ಎಕ್ಸ್‌ರೇಯಲ್ಲಿ ಎರಡೂ ಸೊಂಟ ಒಂದೇ ಫಿಲ್ಮ್‌ನಲ್ಲಿ ಇರಬೇಕು, ಜೊತೆಗೆ ಪಕ್ಕದಿಂದ ಒಂದು. ಈ ಪಕ್ಕದ ಫೋಟೋ ಬಿಟ್ಟರೆ ಸಣ್ಣ ಜಾರು ಕಾಣುವುದೇ ಇಲ್ಲ, ಯಾಕಂದ್ರೆ ಅದು ಜಾರುವುದು ಹಿಂದಕ್ಕೆ. ನಾನು ಈಗಲೂ ಸ್ಕೇಲ್, ಪೆನ್ಸಿಲ್ ಇಟ್ಟುಕೊಂಡಿದ್ದೇನೆ. ಕತ್ತಿನ ಮೇಲಂಚಿಗೆ ಒಂದು ಗೆರೆ ಎಳೆದರೆ ಅದು ತಲೆಯ ಸ್ವಲ್ಪ ಭಾಗವನ್ನು ಕತ್ತರಿಸಿಕೊಂಡು ಹೋಗಬೇಕು. ಇವನ ಬಲಗಡೆ ಹೋಯಿತು, ಎಡಗಡೆ ಮುಟ್ಟಲೇ ಇಲ್ಲ. ತಂದೆಗೆ ಎರಡೂ ಗೆರೆ ತೋರಿಸಿದೆ, ಜಗಳ ಮುಗಿಯಿತು.

ಅವತ್ತಿಂದಲೇ ಅವನನ್ನು ನಡೆಸಲಿಲ್ಲ. ವೀಲ್‌ಚೇರ್, ದಾಖಲು. "ಬೆಳೆ ಕೊಯ್ಲು ಮುಗಿಸಿಕೊಂಡು ಬರ್ತೀವಿ" ಅಂದರು, ನಾನು ಬಿಡಲಿಲ್ಲ. 1993ರಲ್ಲಿ ಲೋಡರ್ ಅನ್ನುವ ಮೂಳೆ ಡಾಕ್ಟರ್ ಮತ್ತು ಜೊತೆಯವರು ಮಾಡಿದ ವಿಂಗಡಣೆ ಸರಳವಾಗಿದೆ: ಊರುಗೋಲು ಹಿಡಿದಾದರೂ ಹೆಜ್ಜೆ ಇಡಬಲ್ಲ ಮಗು ಒಂದು ಗುಂಪು, ಇಡಲೇ ಆಗದ ಮಗು ಇನ್ನೊಂದು. ಎರಡನೇ ಗುಂಪಿನಲ್ಲಿ ತಲೆಗೆ ರಕ್ತ ಹೋಗುವುದು ನಿಂತು ಮೂಳೆ ಸಾಯುವ ಅಪಾಯ ತುಂಬಾ ಜಾಸ್ತಿ. ಇವತ್ತು ನಡೆಯುತ್ತಿರುವ ಹುಡುಗ ಹೊಲದ ಬದುವಿನಲ್ಲಿ ಒಮ್ಮೆ ಕಾಲು ಜಾರಿದರೆ ಸಾಕು, ನಾಳೆ ಆ ಗುಂಪಿನಲ್ಲಿರುತ್ತಾನೆ.

ಆಪರೇಷನ್‌ನಲ್ಲಿ ನಾನು ಮಾಡುವುದು ಕಡಿಮೆ, ನೋಡುವುದು ಜಾಸ್ತಿ. ಜಾರಿದ್ದನ್ನು ಎಳೆದು ಕೂರಿಸಲು ಹೋಗುವುದಿಲ್ಲ, ಜೋರು ಮಾಡಿದರೆ ರಕ್ತನಾಳಕ್ಕೆ ಪೆಟ್ಟು. ಇದ್ದಲ್ಲೇ ಒಂದು ಟೊಳ್ಳು ಸ್ಕ್ರೂ, ಅಷ್ಟೇ. ತಲೆ ಹಿಂದೆ ಹೋಗಿರುವುದರಿಂದ ಸ್ಕ್ರೂ ಪಕ್ಕದಿಂದಲ್ಲ, ಕತ್ತಿನ ಮುಂಭಾಗದಿಂದ ಒಳಗೆ ಹೋಗಬೇಕು. ಸಿ-ಆರ್ಮ್‌ನಲ್ಲಿ (ಆಪರೇಷನ್ ಮಾಡುತ್ತಲೇ ಎಕ್ಸ್‌ರೇ ತೋರಿಸುವ ಯಂತ್ರ) ಎರಡು ದಿಕ್ಕಿನಿಂದ ನೋಡಿಕೊಂಡು ಗೈಡ್‌ವೈರ್, ಅಂದರೆ ಸ್ಕ್ರೂಗೆ ದಾರಿ ತೋರುವ ತಂತಿ, ತಲೆಯ ಸರಿಯಾದ ನಡುಮಧ್ಯಕ್ಕೆ, ಗ್ರೋತ್ ಪ್ಲೇಟಿಗೆ ಲಂಬವಾಗಿ ಹೋಗುವವರೆಗೆ ನಾನು ಆತುರಪಡುವುದಿಲ್ಲ. ಸ್ಕ್ರೂವಿನ 5 ಎಳೆಯಾದರೂ (ಥ್ರೆಡ್) ಪ್ಲೇಟ್ ದಾಟಿರಬೇಕು, ತುದಿ ಕೀಲಿನ ಅಂಚಿಗೆ 5 ಮಿ.ಮೀ.ಗಿಂತ ಹತ್ತಿರ ಹೋಗಬಾರದು. ಕೊನೆಗೆ ಸಿ-ಆರ್ಮ್ ಹಚ್ಚಿಕೊಂಡೇ ಕಾಲನ್ನು ಎಲ್ಲ ಕಡೆ ತಿರುಗಿಸಿ ನೋಡುತ್ತೇನೆ, ತುದಿ ಅಂಚಿನ ಹತ್ತಿರ ಬಂದು ಮತ್ತೆ ದೂರ ಹೋಗಬೇಕು. ತಲೆ ಗುಂಡಗಿರುವುದರಿಂದ ಅಲುಗದ ಚಿತ್ರ ಮೋಸ ಮಾಡುತ್ತದೆ, ಸ್ಕ್ರೂ ಕೀಲಿನೊಳಗೆ ಇಣುಕಿದರೂ ಗೊತ್ತಾಗುವುದಿಲ್ಲ. ಹಾಗೆ ಇಣುಕಿದರೆ ಮೃದ್ವಸ್ಥಿ ಸವೆದು ಕೀಲು ಬಿಗಿದುಕೊಳ್ಳುತ್ತದೆ.

ಆಮೇಲೆ ಸುಮಾರು 6 ವಾರ ಊರುಗೋಲು. ಸ್ಕ್ರೂ ಯಾವಾಗ ತೆಗೀತೀರಿ ಅಂತ ಎಲ್ಲರೂ ಕೇಳುತ್ತಾರೆ. ಪ್ಲೇಟ್ ಮುಚ್ಚುವವರೆಗಂತೂ ಇಲ್ಲ, ಆಮೇಲೂ ತೊಂದರೆ ಕೊಡದಿದ್ದರೆ ನಾನು ಕೈ ಹಚ್ಚುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಥೈರಾಯ್ಡ್, ಕಿಡ್ನಿ ಎರಡನ್ನೂ ನೋಡಿಸಿದ್ದೆ, ಅವು ಕೆಟ್ಟರೂ ಪ್ಲೇಟ್ ಬಲ ಕಳೆದುಕೊಳ್ಳಬಹುದು. 10 ವರ್ಷಕ್ಕಿಂತ ಚಿಕ್ಕವರಲ್ಲಿ, 16 ದಾಟಿದವರಲ್ಲಿ, ಸಣಕಲು ಮಕ್ಕಳಲ್ಲಿ ಇದು ಬಂದರೆ ಈ ಪರೀಕ್ಷೆ ಬಿಡಲೇಬಾರದು. ಅಲ್ಲಿ ತೊಂದರೆ ಸಿಕ್ಕರೆ ಚೆನ್ನಾಗಿರುವ ಕಡೆಗೂ ಸ್ಕ್ರೂ ಹಾಕುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇವನಿಗೆ ರಿಪೋರ್ಟ್ ಸರಿಯಿತ್ತು, ಬಲಗಡೆ ಬಿಟ್ಟೆ. ಆದರೆ ಇನ್ನೊಂದು ಕಡೆ ಜಾರುವುದಾದರೆ ಹೆಚ್ಚಾಗಿ ಒಂದೂವರೆ ವರ್ಷದೊಳಗೇ ಜಾರುತ್ತದೆ. ಅದಕ್ಕೇ ನೋವಿರಲಿ ಬಿಡಲಿ, ಕೆಲವು ತಿಂಗಳಿಗೊಮ್ಮೆ ಕರೆಸಿ ಎರಡೂ ಕಡೆ ಫೋಟೋ ತೆಗೆಸುತ್ತಿದ್ದೇನೆ. ಈಗ ತಂದೆಯೇ ಮೊದಲು ಕೇಳುತ್ತಾರೆ, "ಬಲಗಡೀದೂ ಗೆರಿ ಎಳದು ನೋಡ್ರಿ ಸರ್".