ವಿಡಿಯೊ ಪರಿವರ್ತಿಸುವ ಮುನ್ನ ಧ್ವನಿಯ ಬಿಟ್‌ರೇಟ್ ನೋಡಿಕೊಳ್ಳಿ

ದೊಡ್ಡಪ್ಪನ ಮನೆಯ ಕಪಾಟಿನಲ್ಲಿ ಯಕ್ಷಗಾನದ ಐದು ವಿಸಿಡಿಗಳ ಒಂದು ಕಟ್ಟು ಇತ್ತು. ಮನೆಯ ಹರಕೆಯ ಆಟದ ರಾತ್ರಿ ರೆಕಾರ್ಡ್ ಮಾಡಿಸಿದ್ದು. ಪ್ಲೇಯರ್ ಕೆಟ್ಟು ವರ್ಷಗಳಾಗಿದ್ದವು. ಎಲ್ಲವನ್ನೂ ಎಂಪಿ4 ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟೆ. ಟಿವಿಗೆ ಚುಚ್ಚಿ ಐದು ನಿಮಿಷ ಕೇಳಿದವರು, "ಚಿತ್ರ ಎಲ್ಲ ಸರಿ ಉಂಟು. ಚಕ್ರತಾಳ ನೀರಿನೊಳಗಿಂದ ಬಂದ ಹಾಗೆ ಕೇಳ್ತದಲ್ಲ ಮಾರಾಯ, ಎಂತ ಮಾಡಿದ್ದು ನೀನು?" ಎಂದರು.

ಪಕ್ಕದಲ್ಲಿ ಕೂತು ಕೇಳಿದೆ. ಭಾಗವತರ ಸ್ವರಕ್ಕೆ ಹೆಚ್ಚಿನ ತೊಂದರೆ ಆಗಿರಲಿಲ್ಲ. ಆದರೆ ಚೆಂಡೆಯ ಪೆಟ್ಟಿನ ಮೊನೆ ಮಾಸಿತ್ತು, ತಾಳದ ಝಣತ್ಕಾರ ಗುಳುಗುಳು ಎನ್ನುತ್ತಿತ್ತು. ನಾನು ಬಳಸಿದ ತಂತ್ರಾಂಶ ಧ್ವನಿಗೆ ತಾನಾಗಿ 96 ಕೆಬಿಪಿಎಸ್ ಆರಿಸಿಕೊಂಡಿತ್ತು. ಡಿಸ್ಕ್‌ನಲ್ಲಿ ಇದ್ದದ್ದು 224.

ಒಂದು ಸೆಕೆಂಡಿನ ಧ್ವನಿಯನ್ನು ಎಷ್ಟು ಕಿಲೋಬಿಟ್‌ನಲ್ಲಿ ಬರೆದಿಡಲಾಗಿದೆ ಎಂಬುದೇ ಬಿಟ್‌ರೇಟ್, ಅದರ ಅಳತೆ ಕೆಬಿಪಿಎಸ್. ಅದು ಕಡಿಮೆಯಾದಷ್ಟೂ ತಂತ್ರಾಂಶ ಕಿವಿಗೆ ಬೇಡವೆಂದು ತಾನು ಅಂದಾಜಿಸಿದ ಭಾಗವನ್ನು ಬಿಟ್ಟುಬಿಡುತ್ತದೆ. ಮಾತು ಹೇಗೋ ಉಳಿದುಕೊಳ್ಳುತ್ತದೆ. ತಾಳ, ಚೆಂಡೆ, ಚಪ್ಪಾಳೆಯಂಥ ಹರಿತವಾದ ಸದ್ದುಗಳಿಗೆ ಮೊದಲು ಪೆಟ್ಟು ಬೀಳುತ್ತದೆ.

ಮೊದಲು ಮೂಲ ಫೈಲ್ ನೋಡಿ

ವಿಂಡೋಸ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ತೆರೆಯಿರಿ. ಅಲ್ಲಿ ಎಡವುವವರು ಬಹಳ. ವಿಡಿಯೊ ವಿಭಾಗದಲ್ಲಿ ಕಾಣುವ 'ಟೋಟಲ್ ಬಿಟ್‌ರೇಟ್' ಚಿತ್ರ ಮತ್ತು ಧ್ವನಿ ಎರಡೂ ಸೇರಿದ ಲೆಕ್ಕ. ನಮಗೆ ಬೇಕಾದದ್ದು ಅದರ ಕೆಳಗಿನ ಆಡಿಯೊ ವಿಭಾಗದ 'ಬಿಟ್ ರೇಟ್'. ಕೆಲವು ಬಗೆಯ ಫೈಲ್‌ಗಳಿಗೆ ಆ ಜಾಗ ಖಾಲಿ ಇರುತ್ತದೆ. ವಿಸಿಡಿಯಲ್ಲಿ ವಿಡಿಯೊ ಇರುವ ಡ್ಯಾಟ್ ಫೈಲ್‌ಗಂತೂ ಈ ದಾರಿ ಉಪಯೋಗಕ್ಕೆ ಬರುವುದಿಲ್ಲ.

ಆಗ ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆಂಡ್ರಾಯ್ಡ್ ಫೋನಿಗೂ ಸಿಗುತ್ತದೆ. ಫೈಲನ್ನು ಅದರಲ್ಲಿ ತೆರೆದು, ವ್ಯೂ ಮೆನುವಿನಲ್ಲಿ ಟೆಕ್ಸ್ಟ್ ಆರಿಸಿ, ಆಡಿಯೊ ಎಂಬ ಶೀರ್ಷಿಕೆಯವರೆಗೆ ಇಳಿಯಿರಿ. ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಧ್ವನಿಯ ಫಾರ್ಮ್ಯಾಟ್, ಬಿಟ್‌ರೇಟ್, ಚಾನೆಲ್‌ಗಳ ಸಂಖ್ಯೆ, ಸ್ಯಾಂಪ್ಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗಿದೆ ಎಂಬುದು). ಬಿಟ್‌ರೇಟ್ ಮೋಡ್ 'ವೇರಿಯಬಲ್' ಎಂದಿದ್ದರೆ ಕಾಣುವ ಅಂಕಿ ಸರಾಸರಿ ಎಂದು ತಿಳಿಯಿರಿ.

ವಿಎಲ್‌ಸಿ ಪ್ಲೇಯರ್ ಇದ್ದವರು ವಿಡಿಯೊ ಓಡುವಾಗ ಕಂಟ್ರೋಲ್ ಕೀ ಜತೆ ಜೆ ಒತ್ತಿದರೆ ಕೋಡೆಕ್ (ಸಂಕುಚಿಸುವ ವಿಧಾನ) ಮಾಹಿತಿ ಬರುತ್ತದೆ. ಆದರೆ ಎಎಸಿ ಎಂಬ ಫಾರ್ಮ್ಯಾಟ್‌ನ ಧ್ವನಿಗೆ ಅಲ್ಲಿ ಬಿಟ್‌ರೇಟಿನ ಸಾಲು ಸಾಮಾನ್ಯವಾಗಿ ಇರುವುದಿಲ್ಲ. ಈ ಕೆಲಸಕ್ಕೆ ನನ್ನ ಆಯ್ಕೆ ಮೀಡಿಯಾಇನ್ಫೋ.

ಅಂಕಿಯೇ ಸಿಗದಿದ್ದರೆ

ಎಂಕೆವಿ, ವೆಬ್‌ಎಂ ಫೈಲ್‌ಗಳಲ್ಲಿ ಹೀಗಾಗುವುದುಂಟು. ಧ್ವನಿಯ ಬಿಟ್‌ರೇಟ್ ಎಷ್ಟೆಂದು ಫೈಲ್ ಒಳಗೆ ಬರೆದೇ ಇರುವುದಿಲ್ಲ. ಎವಿಡೆಮಕ್ಸ್‌ನಂಥ ತಂತ್ರಾಂಶದಲ್ಲಿ ಆಡಿಯೊ ಔಟ್‌ಪುಟ್ ಅನ್ನು 'ಕಾಪಿ'ಯಲ್ಲೇ ಬಿಟ್ಟು, ಆಡಿಯೊ ಮಾತ್ರ ಬೇರೆ ಫೈಲ್ ಆಗಿ ಉಳಿಸಿ. ಅದರ ಗಾತ್ರವನ್ನು ಕಿಲೋಬೈಟ್‌ನಲ್ಲಿ ನೋಡಿ, 8ರಿಂದ ಗುಣಿಸಿ, ಒಟ್ಟು ಸೆಕೆಂಡುಗಳಿಂದ ಭಾಗಿಸಿ. ಹತ್ತು ನಿಮಿಷದ ಧ್ವನಿ 14,400 ಕಿಲೋಬೈಟ್ ಇದೆ ಎನ್ನಿ. 8ರಿಂದ ಗುಣಿಸಿದರೆ 1,15,200. ಅದನ್ನು 600 ಸೆಕೆಂಡುಗಳಿಂದ ಭಾಗಿಸಿದರೆ 192 ಕೆಬಿಪಿಎಸ್. ಬೈಟ್ ಬೇರೆ, ಬಿಟ್ ಬೇರೆ. ಎಂಟರಿಂದ ಗುಣಿಸುವುದನ್ನು ಮರೆತರೆ ಲೆಕ್ಕವೆಲ್ಲ ತಲೆಕೆಳಗು.

ಹೊಸ ಫೈಲಿಗೆ ಎಷ್ಟು ಕೊಡಬೇಕು?

ವಿಸಿಡಿಯ ಮಾನದಂಡ ರೂಪುಗೊಂಡದ್ದು 1993ರಲ್ಲಿ. ಅದರಲ್ಲಿ ಧ್ವನಿಗೆ 224 ಕೆಬಿಪಿಎಸ್, ಸ್ಯಾಂಪ್ಲಿಂಗ್ 44.1 ಕಿಲೋಹರ್ಟ್ಸ್ ಎಂದು ನಿಗದಿಯಾಗಿದೆ. ಡಿವಿಡಿಯ ಡಾಲ್ಬಿ ಧ್ವನಿ ಹೆಚ್ಚೆಂದರೆ 448 ಇರುತ್ತದೆ, ಸ್ಯಾಂಪ್ಲಿಂಗ್ 48. ಆ 448 ಆರು ಚಾನೆಲ್‌ಗಳಿಗೆ ಹಂಚಿಹೋಗುವ ಅಂಕಿಯಾದ್ದರಿಂದ, ಅದನ್ನು ಸ್ಟೀರಿಯೊಗೆ ಇಳಿಸುವಾಗ ಅಷ್ಟೇ ಕೊಡಬೇಕಾಗಿಲ್ಲ. ಮಿನಿಡಿವಿ ಕ್ಯಾಸೆಟ್‌ನಿಂದ ಬಂದ 16 ಬಿಟ್‌ನ, 48 ಕಿಲೋಹರ್ಟ್ಸ್‌ನ ಸ್ಟೀರಿಯೊ ಧ್ವನಿ ಸಂಕುಚಿತವೇ ಆಗಿರುವುದಿಲ್ಲ, 1,536 ಕೆಬಿಪಿಎಸ್ ಇರುತ್ತದೆ. ಹಳೆಯ ಫೋನಿನ 3ಜಿಪಿ ವಿಡಿಯೊಗಳದ್ದು ಇನ್ನೊಂದು ತುದಿ. ಅಲ್ಲಿನ ಎಎಂಆರ್ ಧ್ವನಿ ಹೆಚ್ಚೆಂದರೆ 12.2 ಕೆಬಿಪಿಎಸ್, ಸ್ಯಾಂಪ್ಲಿಂಗ್ ಬರೀ 8 ಕಿಲೋಹರ್ಟ್ಸ್. ಅದನ್ನು 320ಕ್ಕೆ ಏರಿಸಿದರೂ ತಾಳ ಮರಳಿ ಬಾರದು, ಫೈಲ್ ಊದಿಕೊಳ್ಳುತ್ತದೆ ಅಷ್ಟೆ.

ಎಎಸಿ ಎಂಬುದು ವಿಸಿಡಿಯ ಕಾಲದ ಧ್ವನಿ ಫಾರ್ಮ್ಯಾಟ್‌ಗಿಂತ ಜಾಣ. ಹಾಗಾಗಿ 224ರ ಮೂಲಕ್ಕೆ 192 ಎಎಸಿ ನಡೆಯುತ್ತದೆ. ಹಿಮ್ಮೇಳದ ಧ್ವನಿಯಾದ್ದರಿಂದ ನಾನು 224ನ್ನೇ ಕೊಟ್ಟೆ. ಜಾಗ ಉಳಿಸಲು ಧ್ವನಿ ಕಡಿಮೆ ಮಾಡಬೇಕು ಎನ್ನುವವರು ಈ ಲೆಕ್ಕ ನೋಡಿ: ಒಂದು ಗಂಟೆಗೆ 224ರಲ್ಲಿ ಸುಮಾರು 101 ಎಂಬಿ, 96ರಲ್ಲಿ 43 ಎಂಬಿ. ಆರು ಗಂಟೆಯ ಆಟಕ್ಕೆ ಉಳಿಯುವುದು 350 ಎಂಬಿಯೂ ಅಲ್ಲ. ವಿಸಿಡಿಯ ಚಿತ್ರವೇ 1,150 ಕೆಬಿಪಿಎಸ್‌ನಲ್ಲಿ ಗಂಟೆಗೆ 500 ಎಂಬಿ ಮೀರುತ್ತದೆ. ಅಷ್ಟು ಸಣ್ಣ ಉಳಿತಾಯಕ್ಕೆ ಚೆಂಡೆಯನ್ನು ಬಲಿಕೊಡಬೇಡಿ.

ಪರಿವರ್ತನೆ

ಮೂಲದ ಧ್ವನಿ ಆಗಲೇ ಎಎಸಿ ಆಗಿದ್ದು, ಎಂಕೆವಿಯಿಂದ ಎಂಪಿ4ಗೆ ಹೋಗುವುದಷ್ಟೇ ಕೆಲಸವಾದರೆ ಧ್ವನಿಯನ್ನು ಮುಟ್ಟಲೇಬೇಡಿ. ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಇದಕ್ಕೆ 'ಪಾಸ್‌ಥ್ರೂ' ಎನ್ನುತ್ತಾರೆ. ಒಮ್ಮೆ ಸಂಕುಚಿತವಾದ ಧ್ವನಿಯನ್ನು ಮತ್ತೆ ಸಂಕುಚಿಸಿದಾಗಲೆಲ್ಲ ಸ್ವಲ್ಪ ಸವೆಯುತ್ತದೆ.

ವಿಸಿಡಿಯಾದರೆ ಡ್ಯಾಟ್ ಫೈಲನ್ನು ಮೊದಲು ಹಾರ್ಡ್‌ಡಿಸ್ಕ್‌ಗೆ ನಕಲಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್‌ನಲ್ಲಿ ಅದನ್ನು ತೆರೆದು ಆಡಿಯೊ ಟ್ಯಾಬಿಗೆ ಹೋಗಿ, ಕೋಡೆಕ್‌ಗೆ ಎಎಸಿ ಆರಿಸಿ, ಬಿಟ್‌ರೇಟಿನ ಅಂಕಿಯನ್ನು ನೀವೇ ಬದಲಿಸಿ. ಸ್ಯಾಂಪಲ್ ರೇಟ್ 'ಆಟೊ' ಇರಲಿ, 44.1 ಹಾಗೆಯೇ ಉಳಿಯುತ್ತದೆ. ಇಡೀ ಡಿಸ್ಕ್ ಒಟ್ಟಿಗೆ ಓಡಿಸಬೇಡಿ, ಮೊದಲು ಎರಡು ನಿಮಿಷದ ತುಂಡು ಮಾಡಿ ನೋಡಿ.

ಆ ತುಂಡನ್ನು ಮತ್ತೆ ಮೀಡಿಯಾಇನ್ಫೋದಲ್ಲಿ ತೆರೆದು, ಬರೆದಿಟ್ಟ ನಾಲ್ಕು ವಿಷಯಗಳ ಜತೆ ತಾಳೆ ನೋಡಿ. ಚಾನೆಲ್ 2 ಇದ್ದದ್ದು 1 ಆಗಿದ್ದರೆ, ಬಿಟ್‌ರೇಟ್ ನೀವು ಕೊಟ್ಟದ್ದಕ್ಕಿಂತ ಬಹಳ ಕೆಳಗಿದ್ದರೆ, ಸೆಟ್ಟಿಂಗ್‌ಗೆ ವಾಪಸು ಹೋಗಿ. ಅಂಕಿ ಸರಿಯಿದ್ದರೂ ಹೆಡ್‌ಫೋನ್ ಹಾಕಿ ಕೇಳಿ. ಅದಕ್ಕೆ ಮೆಲ್ಲನೆಯ ಪದ ಸಾಲದು. ಏರುಪದದಲ್ಲಿ ಚೆಂಡೆ, ಮದ್ದಳೆ, ಚಕ್ರತಾಳ ಮೂರೂ ಒಟ್ಟಿಗೆ ಎದ್ದ ಜಾಗ ಹುಡುಕಿ, ಅದೇ ಜಾಗವನ್ನು ಡ್ಯಾಟ್ ಫೈಲ್‌ನಲ್ಲೂ ಕೇಳಿ ಹೋಲಿಸಿ.

ಎರಡನೇ ಸಲ ಮಾಡಿದ ಫೈಲನ್ನು ದೊಡ್ಡಪ್ಪನಿಗೆ ಕೊಟ್ಟಾಗ ಅವರೂ ನೇರ ಯುದ್ಧದ ಪದಕ್ಕೇ ಓಡಿಸಿದರು. ಏನೂ ಹೇಳಲಿಲ್ಲ, ರಿಮೋಟ್ ಕೆಳಗಿಟ್ಟು ಕೈಯಲ್ಲಿ ತಾಳ ಹಾಕತೊಡಗಿದರು. ಡ್ಯಾಟ್ ಫೈಲ್‌ಗಳನ್ನು ನಾನು ಅಳಿಸಿಲ್ಲ. ನೀವೂ ಅಳಿಸಬೇಡಿ.