ಜಾವಾಸ್ಕ್ರಿಪ್ಟ್ ಕೋರ್ಸ್ ಮುಗಿದ ಮೇಲೆ: ಲಘು-ಗುರು ಗುರುತಿಸುವ ಪ್ರೋಗ್ರಾಂ ಬರೆಯಿರಿ

ವೇರಿಯಬಲ್, ಲೂಪ್, ಫಂಕ್ಷನ್, ಅರೇಗಳನ್ನು ಕಲಿತು ಜಾವಾಸ್ಕ್ರಿಪ್ಟ್‌ನ ಮೊದಲ ಕೋರ್ಸ್ ಮುಗಿಸಿದ ಅನೇಕರು ಕೂಡಲೇ ಇನ್ನೊಂದು ಕೋರ್ಸಿಗೆ ಸೇರುತ್ತಾರೆ. ಅದಕ್ಕಿಂತ, ಉತ್ತರ ಸರಿಯೋ ತಪ್ಪೋ ಎಂದು ತಾವೇ ನಿರ್ಣಯಿಸಬಲ್ಲ ಒಂದು ಸಣ್ಣ ಸಮಸ್ಯೆಯನ್ನು ಕೈಗೆತ್ತಿಕೊಂಡು ಕೊನೆಮುಟ್ಟಿಸುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ತರಗತಿಯಲ್ಲಿ ಪದ್ಯದ ಪ್ರತಿ ಅಕ್ಷರವನ್ನು ಲಘುವೋ ಗುರುವೋ ಎಂದು ಗುರುತಿಸಿ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಆ ಕೆಲಸ ಇದಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲು ನಿಯಮಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ದೀರ್ಘಾಕ್ಷರ, ಐ-ಔ ಸ್ವರವುಳ್ಳದ್ದು, ಅನುಸ್ವಾರ-ವಿಸರ್ಗ ಕೂಡಿದ್ದು, ಒತ್ತಕ್ಷರದ ಹಿಂದಿನದು, ವ್ಯಂಜನದಿಂದ ಮುಗಿಯುವುದು ಗುರು, ಅಂದರೆ ಎರಡು ಮಾತ್ರೆ (ಮಾತ್ರೆ ಎಂದರೆ ಉಚ್ಚಾರದ ಕಾಲದ ಅಳತೆ), ಉಳಿದವು ಲಘು, ಅಂದರೆ ಒಂದು ಮಾತ್ರೆ.

ಎರಡನೆಯ ಹಂತ ಪದವನ್ನು ಅಕ್ಷರಗಳಾಗಿ ಒಡೆಯುವುದು. ನಿಜವಾದ ಕಲಿಕೆ ಇಲ್ಲಿದೆ. ‘ಕನ್ನಡ’ ಪದದ ಉದ್ದವನ್ನು ಕೇಳಿದರೆ ಜಾವಾಸ್ಕ್ರಿಪ್ಟ್ 3 ಎನ್ನದೆ 5 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಅದು ಕ, ನ, ವಿರಾಮ (ವ್ಯಂಜನದ ಅಕಾರವನ್ನು ಅಳಿಸುವ ‘್’ ಚಿಹ್ನೆ), ನ, ಡ ಎಂದು ಸಂಗ್ರಹವಾಗಿರುತ್ತದೆ. ಆದ್ದರಿಂದ ಸ್ವರಚಿಹ್ನೆಯನ್ನು ಹಿಂದಿನ ವ್ಯಂಜನಕ್ಕೂ, ವಿರಾಮದ ನಂತರ ಬರುವ ವ್ಯಂಜನವನ್ನು ಅದೇ ಗುಂಪಿಗೂ ಸೇರಿಸುವ ಫಂಕ್ಷನ್ ಅನ್ನು ನೀವೇ ಬರೆಯಬೇಕು. ‘ಸೂರ್ಯ’ದಲ್ಲಿ ಅರ್ಕಾವತ್ತು ಪರದೆಯ ಮೇಲೆ ಕೊನೆಗೆ ಕಂಡರೂ ಸಂಗ್ರಹದಲ್ಲಿ ರಕಾರವೇ ಮೊದಲು ಬರುವುದರಿಂದ ಅದಕ್ಕೆ ಬೇರೆ ನಿಯಮ ಬೇಕಾಗುವುದಿಲ್ಲ.

ಮೂರನೆಯದಾಗಿ, ಉತ್ತರ ಗೊತ್ತಿರುವ ಹತ್ತು ಪದಗಳ ಪರೀಕ್ಷಾ ಪಟ್ಟಿಯನ್ನು ಪ್ರೋಗ್ರಾಮಿನೊಳಗೇ ಇಡಿ, ಉದಾಹರಣೆಗೆ: ಕನ್ನಡ 4 ಮಾತ್ರೆ, ಸಂಗೀತ 5, ದುಃಖ 3. ಮೊತ್ತವೊಂದನ್ನೇ ನಂಬಬೇಡಿ. ‘ಬಸ್’ ಒಂದೇ ಗುರು. ಕೊನೆಯ ಅರ್ಧಾಕ್ಷರವನ್ನು ಪ್ರತ್ಯೇಕವಾಗಿ ಎಣಿಸುವ ದೋಷಪೂರ್ಣ ಪ್ರೋಗ್ರಾಂ ಅದನ್ನು ಎರಡು ಲಘುವೆಂದು ತಿಳಿದರೂ ಮೊತ್ತ 2 ಎಂದೇ ಬರುತ್ತದೆ. ‘ಕಾರ್’ ಕೊಟ್ಟಾಗ 2ರ ಬದಲು 3 ಬಂದು ತಪ್ಪು ಬಯಲಾಗುತ್ತದೆ. ಆಗ ಊಹೆಯಿಂದ ಸಾಲುಗಳನ್ನು ಬದಲಿಸದೆ, ಬ್ರೌಸರಿನ ಡಿಬಗ್ಗರ್‌ನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ತಾತ್ಕಾಲಿಕವಾಗಿ ನಿಲ್ಲಬೇಕಾದ ಸಾಲಿನ ಗುರುತು) ಇಟ್ಟು, ಲೂಪಿನ ಪ್ರತಿ ಸುತ್ತಿನಲ್ಲೂ ವೇರಿಯಬಲ್‌ಗಳ ಬೆಲೆಯನ್ನು ಗಮನಿಸಿ.

ಪ್ರತಿ ಪರೀಕ್ಷೆ ಗೆದ್ದಾಗಲೂ, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಲ್ಲಿ ಒಂದು ಕಮಿಟ್ ಮಾಡಿ, ಅಂದರೆ ಆ ಹಂತವನ್ನು ಉಳಿಸಿಕೊಳ್ಳಿ. ಅನಂತರವೇ ಪದ್ಯ ಟೈಪಿಸಲು ಒಂದು ಪೆಟ್ಟಿಗೆಯುಳ್ಳ ಪುಟ ಕಟ್ಟಿ, ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ ಬರುತ್ತದೆಯೇ ನೋಡಿ.

ಹಳಗನ್ನಡದ ಪದ್ಯಗಳಲ್ಲಿ ಲೆಕ್ಕ ಮತ್ತೆ ತಪ್ಪಬಹುದು. ‘ಅಮರ್ದು’ ಎಂಬಲ್ಲಿ ಶಿಥಿಲದ್ವಿತ್ವವಿದ್ದರೆ, ಅಂದರೆ ಒತ್ತಕ್ಷರವನ್ನು ಸಡಿಲವಾಗಿ ಉಚ್ಚರಿಸಿದರೆ, ಒತ್ತಕ್ಷರದ ಹಿಂದಿನ ಮಕಾರ ಲಘುವಾಗಿಯೇ ಉಳಿಯುತ್ತದೆ, ಬರಹದಲ್ಲಿ ಅದರ ಗುರುತೇನೂ ಇರುವುದಿಲ್ಲ. ಅಂಥ ಪದಗಳ ಪಟ್ಟಿಯನ್ನು ಪ್ರೋಗ್ರಾಮಿಗೆ ಕೊಡಬೇಕೇ, ಇಲ್ಲವೇ ಓದುಗರೇ ಗುರುತನ್ನು ತಿದ್ದಲು ಅವಕಾಶವಿಡಬೇಕೇ ಎಂಬುದನ್ನು ನೀವೇ ನಿರ್ಧರಿಸಬೇಕು.