ರೌಟರ್ ಡಬ್ಬ ಬಿಚ್ಚುವ ಮುಂಚೆ

ರ‍್ಯಾಕಿನ (ನೆಟ್‌ವರ್ಕ್ ಯಂತ್ರಗಳನ್ನು ಕೂರಿಸುವ ಲೋಹದ ಬೀರು) ಬಾಗಿಲು ಮುಟ್ಟಿದೆ. ಬೆರಳಿಗೆ ಸಣ್ಣಗೆ ಜುಮ್ ಅಂದಿತು. "ಅದು ಯಾವಾಗಲೂ ಹಾಗೇ ಸಾರ್, ಏನೂ ಆಗಲ್ಲ" ಎಂದರು ಲ್ಯಾಬ್ ನೋಡಿಕೊಳ್ಳುವವರು.

ಮಲೆನಾಡಿನ ಒಂದು ಕಾಲೇಜು ಅದು. ಏಪ್ರಿಲ್ ಕೊನೆ, ಸಂಜೆಯಾದರೆ ಗುಡುಗು ಶುರುವಾಗುವ ಕಾಲ. ಇಡೀ ಕಾಲೇಜನ್ನು ಇಂಟರ್ನೆಟ್ಟಿಗೆ ಸೇರಿಸುವ ರೌಟರ್ ಎರಡು ವರ್ಷದಲ್ಲಿ ಎರಡು ಸುಟ್ಟಿದ್ದವಂತೆ. ಮೂರನೆಯದನ್ನು ಕೂರಿಸುವ ಕೆಲಸ ನನ್ನದು. ಡಬ್ಬ ಇನ್ನೂ ಬಂದಿರಲಿಲ್ಲ, ಒಂದು ವಾರ ಮೊದಲೇ ಸುಮ್ನೆ ಜಾಗ ನೋಡಲು ಹೋಗಿದ್ದೆ. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಒಮ್ಮೆ 120 ಕಿಲೋಮೀಟರ್ ಹೊತ್ತುಕೊಂಡು ಹೋದ ರೌಟರ್, ರ‍್ಯಾಕಿನ ಆಳ ಸಾಲದೆ ಅದೇ ಬಸ್ಸಿನಲ್ಲಿ ವಾಪಸ್ ಬಂದಿತ್ತು.

ಮಲ್ಟಿಮೀಟರ್ ತೆಗೆದೆ. ಸಾಕೆಟ್ಟಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 231 ವೋಲ್ಟ್. ಸರಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎರಡೋ ಮೂರೋ ವೋಲ್ಟ್ ಇದ್ದರೆ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ 98 ತೋರಿಸಿತು! ಅಂದರೆ ಸಾಕೆಟ್ಟಿನ ಮೇಲಿನ ದಪ್ಪ ತೂತು ಎಲ್ಲಿಗೂ ಸೇರಿಲ್ಲ, ಬರೀ ಅಲಂಕಾರಕ್ಕೆ ಇದೆ.

ಜುಮ್ ಅನ್ನುವುದಕ್ಕೂ ಇದೇ ಕಾರಣ. ಇಂಥ ಯಂತ್ರಗಳ ಪವರ್ ಸಪ್ಲೈ ಒಳಗೆ, ಕರೆಂಟಿನ ಗಲಾಟೆ ತಡೆಯಲು, ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಹೊರಕವಚಕ್ಕೆ ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಅರ್ಥ್ ಇದ್ದರೆ ಅದರಿಂದ ಸೋರುವುದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕವಚ 230ರ ಅರ್ಧದಷ್ಟು ವೋಲ್ಟೇಜಿನಲ್ಲಿ ತೂಗಾಡುತ್ತದೆ. ಸೋರುವುದು ತೀರಾ ಕಡಿಮೆ, ಅದಕ್ಕೇ ಜುಮ್ ಅಷ್ಟೇ. ಆದರೆ ಒಳಗಿನ ಫೇಸ್ ವೈರ್ ಕವಚಕ್ಕೆ ತಾಗಿದ ದಿನ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಬೀಳುವುದಿಲ್ಲ. ಬಾಗಿಲು ಮುಟ್ಟಿದವರೇ ಅರ್ಥ್ ಆಗುತ್ತಾರೆ.

ವೈರ್‌ಮನ್ ಬಂದರು. ಒಳ್ಳೆ ಮನುಷ್ಯ, ಆದರೆ ಅವಸರ. "ಸಾಕೆಟ್ಟಲ್ಲೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಕೊಡ್ತೀನಿ ಸಾರ್, ಮೀಟರ್ ಸೊನ್ನೆ ತೋರಿಸುತ್ತೆ" ಎಂದರು. ತೋರಿಸುತ್ತೆ, ನಿಜ. ಜುಮ್ ಕೂಡ ನಿಲ್ಲುತ್ತೆ. ಆಮೇಲೆ ಎಲ್ಲೋ ನ್ಯೂಟ್ರಲ್ ಕಡಿದುಹೋದರೆ ಇಡೀ ರ‍್ಯಾಕಿಗೆ 230 ವೋಲ್ಟ್ ಬಂದು ಕೂರುತ್ತೆ. ಬೇಡವೇ ಬೇಡ ಅಂದೆ. ಇಬ್ಬರೂ ಸೇರಿ ಹಸಿರು ವೈರಿನ ಹಿಂದೆ ಹೊರಟೆವು. ಆ ವೈರ್ ನೆಲ ಸೇರುವ ಅರ್ಥ್ ಗುಂಡಿ ಎಲ್ಲಿದೆ ಅಂತ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲ. ಕೊನೆಗೆ ಸೈಕಲ್ ಸ್ಟ್ಯಾಂಡ್ ಹಿಂದೆ, ಲಂಟಾನ ಪೊದೆಯೊಳಗೆ ಸಿಕ್ಕಿತು. ಪಟ್ಟಿ ಬಿಗಿದಿದ್ದ ಬೋಲ್ಟ್ ತುಕ್ಕು ಹಿಡಿದು ಪುಡಿಯಾಗಿತ್ತು.

ಹೊಸ ಗುಂಡಿಯನ್ನೇ ತೆಗೆಸಿದೆವು. ಎರಡೂವರೆ ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, ಸುತ್ತಲೂ ಇದ್ದಿಲು, ಉಪ್ಪು. ಗುಂಡಿಯ ಓಮ್ (ಕರೆಂಟಿಗೆ ನೆಲ ಒಡ್ಡುವ ತಡೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಅಳೆಯಲು ಮಲ್ಟಿಮೀಟರ್ ಸಾಲದು, ನೆಲಕ್ಕೆ ಎರಡು ಕಂಬಿ ಚುಚ್ಚಿ ಅಳೆಯುವ ಅರ್ಥ್ ಟೆಸ್ಟರ್ ಬೇಕು. 3.8 ಓಮ್ ಬಂತು. 5ರ ಒಳಗಿದ್ದರೆ ನನಗೆ ಸಮಾಧಾನ. ಅದೂ ಬೇಸಿಗೆಯಲ್ಲಿ ಅಳೆದದ್ದು. ಮಳೆಗಾಲದ ಒದ್ದೆ ನೆಲದಲ್ಲಿ ಎಂಥ ಗುಂಡಿಯೂ ಒಳ್ಳೆ ಅಂಕ ತಗೊಳ್ಳುತ್ತೆ, ಅದನ್ನು ನಂಬಬಾರದು. ಸಾಕೆಟ್ಟಿನಲ್ಲಿ ನ್ಯೂಟ್ರಲ್–ಅರ್ಥ್ ಈಗ 1.4 ವೋಲ್ಟ್.

ರೂಮಿನಲ್ಲಿ ಇನ್ನೊಂದು ಕಂಡಿತು. ರ‍್ಯಾಕಿನ ಸರಿ ಮೇಲೆ ಸೂರಿನಲ್ಲಿ ಕಂದು ಕಲೆ. ಮೇಲೆ ನೀರಿನ ಟ್ಯಾಂಕಂತೆ! ರ‍್ಯಾಕನ್ನು ಆಚೆ ಗೋಡೆಗೆ ಸರಿಸಿದೆವು.

ಕೂರಿಸುವ ದಿನ ಮೊದಲು ಉಂಗುರ, ವಾಚ್ ತೆಗೆದು ಜೇಬಿಗೆ ಹಾಕಿದೆ. ಹಿಂದೊಮ್ಮೆ ನನ್ನ ಸ್ಟೀಲ್ ವಾಚ್ ಯುಪಿಎಸ್ ಬ್ಯಾಟರಿಯ ಎರಡು ತುದಿಗೂ ತಾಗಿತ್ತು. 12 ವೋಲ್ಟ್ ತಾನೇ, ಅಲ್ವಾ? ಮಣಿಕಟ್ಟಿನ ಸುಟ್ಟ ಗುರುತು ಇನ್ನೂ ಇದೆ. ಶಾಕ್ ಹೊಡೆಯದಿದ್ದರೂ ಆ ಬ್ಯಾಟರಿ ನೂರಾರು ಆಂಪಿಯರ್ ಹರಿಸಿ ಲೋಹವನ್ನು ಕೆಂಪಗೆ ಕಾಯಿಸುತ್ತೆ.

ರೌಟರ್ 18 ಕೆಜಿ. ಇಬ್ಬರು ಹಿಡಿದೇ ಎತ್ತಿದೆವು. ಪವರ್ ಸಪ್ಲೈ ಮೇಲಿನ ಹಿಡಿಕೆ ಅದನ್ನು ಹೊರಗೆಳೆಯಲು ಮಾತ್ರ, ಎತ್ತಲು ಅಲ್ಲ. ಮೊದಲು ಜೋಡಿಸಿದ್ದು ಕವಚದ ಅರ್ಥ್ ವೈರ್. ಆಮೇಲೆ ಮಣಿಕಟ್ಟಿಗೆ ಆ್ಯಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಂಡು, ಅದರ ಕ್ಲಿಪ್ಪನ್ನು ರ‍್ಯಾಕಿಗೆ ಹಾಕಿ ರೌಟರಿನೊಳಗೆ ಕಾರ್ಡ್ (ಸರ್ಕ್ಯೂಟ್ ಹಲಗೆ) ತೂರಿಸಿದೆ. ಈ ಪಟ್ಟಿಯ ವೈರಿನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುತ್ತೆ. ಸ್ಥಿರ ವಿದ್ಯುತ್ ಮೆಲ್ಲಗೆ ಇಳಿದುಹೋಗಲಿ, ಕೈ ತಪ್ಪಿ 230 ಮುಟ್ಟಿದರೂ ಪಟ್ಟಿಯ ಮೂಲಕ ಕಾಲು ಮಿಲಿಆಂಪಿಯರ್‌ಗಿಂತ ಜಾಸ್ತಿ ಹರಿಯದಿರಲಿ ಅಂತ. ಬರೀ ವೈರ್ ಸುತ್ತಿಕೊಂಡು ಕೂರುವವರನ್ನು ನೋಡಿದ್ದೇನೆ, ಅದು ಅಪಾಯ. ಪವರ್ ಸಪ್ಲೈ ಎರಡಿದ್ದರೆ ವೈರೂ ಎರಡು. ಒಂದನ್ನು ಕಿತ್ತು "ಆಫ್ ಆಯ್ತು" ಅಂದುಕೊಳ್ಳುವುದು ನಮ್ಮವರೇ ಮಾಡುವ ತಪ್ಪು. ಫೈಬರ್ (ಬೆಳಕಿನಲ್ಲಿ ಮಾಹಿತಿ ಒಯ್ಯುವ ಗಾಜಿನ ಎಳೆ) ತುದಿಯಲ್ಲಿ ಬೆಳಕು ಬರುತ್ತಿದೆಯಾ ಅಂತ ಇಣುಕಬೇಡಿ. 1310, 1550 ನ್ಯಾನೋಮೀಟರಿನ ಲೇಸರ್ ಕಣ್ಣಿಗೆ ಕಾಣುವುದೇ ಇಲ್ಲ, ಕಾಣದೇ ಹಾನಿ ಮಾಡಬಹುದು. ಬೆಳಕು ಅಳೆಯುವ ಪವರ್ ಮೀಟರ್ ಇರುವುದೇ ಅದಕ್ಕೆ.

ನಾಲ್ಕು ಗಂಟೆಗೆ ಗುಡುಗಿತು. ಹೊರಗಿಂದ ಬಂದ ಕೇಬಲ್ ಕೈಯಲ್ಲಿತ್ತು. ಕೆಳಗಿಟ್ಟು ಚಹಾ ಕುಡಿಯಲು ಹೋದೆ, ಉಳಿದದ್ದು ಮರುದಿನ ಬೆಳಿಗ್ಗೆ.

ಹೊರಡುವಾಗ ಕೇಳಿದೆ, ಬೇಸಿಗೆಯಲ್ಲಿ ಆ ಪೈಪಿಗೆ ನೀರು ಹಾಕುವವರು ಯಾರು ಅಂತ. ಯಾರೂ ಮಾತಾಡಲಿಲ್ಲ. ಕೈತೋಟ ನೋಡಿಕೊಳ್ಳುವ ಅಜ್ಜ ಮುಂದೆ ಬಂದರು. "ಕ್ರೋಟನ್‌ಗೆ ಹಾಕುವಾಗ ಅದಕ್ಕೂ ಒಂದು ಕೊಡ ಹಾಕ್ತೀನಿ ಬಿಡಿ."